ಬೆಂಗಳೂರು–ಟೋಕಿಯೊ: ವಿಮಾನದ ದೂರ ಮತ್ತು ಪ್ರಯಾಣದ ಅವಧಿಯನ್ನು ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ಟೋಕಿಯೊದ ನರಿಟಾ ವಿಮಾನ ನಿಲ್ದಾಣಕ್ಕೆ ಇರುವ ದೂರ ಹೋಗುವಾಗಲೂ ಬರುವಾಗಲೂ ಒಂದೇ. ಆದರೆ ಹಿಂದಿರುಗುವ ಪ್ರಯಾಣಕ್ಕೆ ಸುಮಾರು ಎರಡು ಗಂಟೆ ಹೆಚ್ಚು ಹಿಡಿಯುತ್ತದೆ. ಮುಂದಿನ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಮೊದಲು ಈ ಲೆಕ್ಕವನ್ನು ಸ್ವತಃ ಮಾಡಿಕೊಳ್ಳುವುದು ಒಳ್ಳೆಯದು.

ದೂರವನ್ನು ಗೋಡೆಯ ಭೂಪಟದ ಮೇಲೆ ಅಳೆಯಬಾರದು. ಭೂಮಿ ಗೋಳಾಕಾರವಾಗಿರುವುದರಿಂದ, ಅತಿ ಹತ್ತಿರದ ದಾರಿಯು ಭೂಪಟದಲ್ಲಿ ಉತ್ತರಕ್ಕೆ ಬಾಗಿದ ಗೆರೆಯಾಗಿ ಕಾಣುತ್ತದೆ. ಅದು ಬಂಗಾಳ ಕೊಲ್ಲಿ, ಮ್ಯಾನ್ಮಾರ್ ಮತ್ತು ಚೀನಾದ ಮೇಲೆ ಸಾಗಿ, ಕೊರಿಯಾದ ದಕ್ಷಿಣ ಅಂಚಿನ ಬಳಿ ಹಾದು ಜಪಾನನ್ನು ಸೇರುತ್ತದೆ. ಲೆಕ್ಕಕ್ಕೆ ಬೇಕಾದುದು ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ: ಬೆಂಗಳೂರಿನದು 13.2 ಉತ್ತರ, 77.7 ಪೂರ್ವ, ನರಿಟಾದ್ದು 35.8 ಉತ್ತರ, 140.4 ಪೂರ್ವ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.134 ಬರುತ್ತದೆ. ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶಗಳ ಅಂತರವಾದ 62.7 ಡಿಗ್ರಿಯ ಕೊಸೈನ್ ಅನ್ನೂ ಒಟ್ಟಿಗೆ ಗುಣಿಸಿದರೆ 0.362 ಬರುತ್ತದೆ. ಇವೆರಡನ್ನೂ ಕೂಡಿದಾಗ ಬರುವ 0.496, ಸುಮಾರು 60.3 ಡಿಗ್ರಿಯ ಕೊಸೈನ್. ಭೂಮಿಯ ಕೇಂದ್ರದಿಂದ ನೋಡಿದಾಗ ಎರಡು ನಿಲ್ದಾಣಗಳ ನಡುವೆ ಇರುವ ಕೋನ ಇದೇ. ಒಂದು ಡಿಗ್ರಿಗೆ 111.2 ಕಿ.ಮೀ. ಎಂದು ಹಿಡಿದರೆ ದೂರ ಸುಮಾರು 6,700 ಕಿ.ಮೀ. ಆಗುತ್ತದೆ.

ದೊಡ್ಡ ಜೆಟ್ ವಿಮಾನಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುವುದರಿಂದ ಈ ದೂರಕ್ಕೆ ಏಳೂವರೆ ಗಂಟೆ ಸಾಕೆನಿಸುತ್ತದೆ. ಆದರೆ ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯುವುದು ಇವುಗಳಿಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಸೇರಿಸಬೇಕು. ಇನ್ನು ಗಾಳಿಯದೇ ದೊಡ್ಡ ಪಾತ್ರ. ಏಷ್ಯಾದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿ ಚಳಿಗಾಲದಲ್ಲಿ ಜಪಾನಿನ ಸುತ್ತ ಬಹಳ ಬಿರುಸಾಗಿರುತ್ತದೆ. ಅಲ್ಲಿ ಅದು ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಹೋಗುವಾಗ ಬೆನ್ನಿಗೆ ಬೀಸುವ ಈ ಗಾಳಿ ಬರುವಾಗ ಎದುರಾಗುತ್ತದೆ. ಆದ್ದರಿಂದ ನೇರ ವಿಮಾನಕ್ಕೆ ಹೋಗುವಾಗ ಸುಮಾರು 8 ಗಂಟೆ, ಬರುವಾಗ 10 ಗಂಟೆಯ ಆಸುಪಾಸು ಎಂದು ಇಟ್ಟುಕೊಳ್ಳಬೇಕು.

ಟಿಕೆಟ್ಟಿನಲ್ಲಿರುವ ವೇಳೆಗಳು ಆಯಾ ಊರಿನ ಸ್ಥಳೀಯ ಸಮಯವೆಂಬುದನ್ನು ಮರೆಯಬಾರದು. ಜಪಾನಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದಿದ್ದು, ಎರಡೂ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ಬದಲಿಸುವ ಪದ್ಧತಿ ಇಲ್ಲದಿರುವುದರಿಂದ ಈ ಅಂತರ ವರ್ಷವಿಡೀ ಒಂದೇ. ಉದಾಹರಣೆಗೆ, ನಸುಕಿನ 2:00ಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ 1:30ಕ್ಕೆ ನರಿಟಾ ತಲುಪಿದರೆ, ಹನ್ನೊಂದೂವರೆ ಗಂಟೆಯಲ್ಲಿ ಮೂರೂವರೆ ಕಳೆದು 8 ಗಂಟೆ. ಸಂಜೆ 6:30ಕ್ಕೆ ಅಲ್ಲಿಂದ ಹೊರಟು ರಾತ್ರಿ 1:00ಕ್ಕೆ ಇಲ್ಲಿ ಇಳಿದರೆ, ಆರೂವರೆಗೆ ಮೂರೂವರೆ ಕೂಡಿ 10 ಗಂಟೆ. ಮಧ್ಯರಾತ್ರಿ ದಾಟಿರುವುದರಿಂದ, ಕರೆದೊಯ್ಯಲು ಬರುವವರಿಗೆ ಮರುದಿನದ ದಿನಾಂಕವನ್ನೇ ತಿಳಿಸಬೇಕು.

ಸಿಂಗಾಪುರದ ಮೂಲಕ ಹೋದರೆ ದೂರ ಸುಮಾರು 8,500 ಕಿ.ಮೀ.ಗೆ ಏರುತ್ತದೆ, ಅಲ್ಲಿ ಕಾಯುವ ಹೊತ್ತು ಬೇರೆ. ದರ ಬಹಳ ಕಡಿಮೆಯಿದ್ದರೆ ಮಾತ್ರ ಅದನ್ನು ಆರಿಸಬಹುದೆಂಬುದು ನನ್ನ ಅಭಿಪ್ರಾಯ. ನರಿಟಾ ನಿಲ್ದಾಣ ಟೋಕಿಯೊ ನಗರದ ನಡುವಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದ್ದು, ವೇಗದ ರೈಲಿನಲ್ಲೂ ಒಂದು ಗಂಟೆಯಷ್ಟು ಬೇಕು. ವಲಸೆ ತಪಾಸಣೆ ಮತ್ತು ಸಾಮಾನಿಗೂ ಒಂದು ಗಂಟೆ ಬಿಟ್ಟುಕೊಂಡು, ಇಳಿದ ದಿನದ ಭೇಟಿಗಳನ್ನು ಸಂಜೆಗೆ ಇಟ್ಟುಕೊಳ್ಳುವುದು ಕ್ಷೇಮ.