ಹಳದಿ ಕೂಪನ್ ಸಿಗುವವರೆಗೆ

ನಮ್ಮ ಗ್ರಂಥಪಾಲಕರ ಸಂಘದ ಸಮ್ಮೇಳನದ ಬಗ್ಗೆ ಮೊದಲ ಸಲ ಬರೆದಾಗ ಹನ್ನೊಂದು ಪೋಸ್ಟ್ ಹಾಕಿದ್ದೆ. ಯಾವ ಗೋಷ್ಠಿ ಯಾರಿಗೆ, ಬಸ್ ಸ್ಟ್ಯಾಂಡಿನಿಂದ ಹೇಗೆ ಬರೋದು, ಕೊಹಾ ಅನ್ನೋ ಗ್ರಂಥಾಲಯ ತಂತ್ರಾಂಶದ ಕಾರ್ಯಾಗಾರಕ್ಕೆ ಲ್ಯಾಪ್‌ಟಾಪ್ ತರಬೇಕಾ, ಎಲ್ಲಾ ಕನ್ನಡದಲ್ಲಿ. ಮೊದಲ ದಿನ ಮಧ್ಯಾಹ್ನ ಊಟದ ಬಾಗಿಲಲ್ಲಿ ನಿಂತಿದ್ದ ಹುಡುಗ ನನ್ನ ಬ್ಯಾಡ್ಜ್ ನೋಡಿದ. "ಮೇಡಂ, ಇದು ವಾಲಂಟಿಯರ್ ಬ್ಯಾಡ್ಜು. ಹಳದಿ ಕೂಪನ್ ಬೇಕು." ಹಳದಿ ಕೂಪನ್ ದುಡ್ಡು ಕಟ್ಟಿದವರಿಗೆ ಮಾತ್ರ. ಗೇಟಿನ ಹೊರಗೆ ಗಾಡಿಯಲ್ಲಿ ಚಿತ್ರಾನ್ನ ತಿಂದೆ. ತಿನ್ನುತ್ತಲೇ ಮಧ್ಯಾಹ್ನದ ಗೋಷ್ಠಿ ಬಗ್ಗೆ ಇನ್ನೊಂದು ಪೋಸ್ಟ್ ಹಾಕಿದೆ. ಅಷ್ಟು ಪೆದ್ದಿ ನಾನು.

ಸಂಘದವರು ಕೆಟ್ಟವರೇನಲ್ಲ. ಶಾಮಿಯಾನದವನ ಬಿಲ್ ಬರುತ್ತೆ, ಅಡುಗೆಯವರ ಬಿಲ್ ಬರುತ್ತೆ, ಬ್ಯಾನರಿನವನ ಬಿಲ್ಲೂ ಬರುತ್ತೆ. ಬರೆಯುವವರ ಬಿಲ್ ಬರಲ್ಲ. ಬಿಲ್ ಇಲ್ಲದ ಕೆಲಸ ಖಜಾಂಚಿ ಕಣ್ಣಿಗೆ ಬೀಳೋದೇ ಇಲ್ಲ. ಇದು ತಲೆಗೆ ಹೋಗೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಎರಡನೇ ವರ್ಷ "ನಿಮಗೆ ನೋಂದಣಿ ಫ್ರೀ ಮೇಡಂ" ಅಂದರು, ಬಾಯಿಮಾತಲ್ಲಿ. ಹೋಗಿ ನೋಡಿದರೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಹೇಳಿದವರು ಆಗಲೇ ಕಾರ್ಯದರ್ಶಿ ಹುದ್ದೆ ಬಿಟ್ಟಿದ್ದರು. 1,500 ರೂಪಾಯಿ ಕಟ್ಟಿ ಒಳಗೆ ಹೋದೆ. ಸ್ಮರಣ ಸಂಚಿಕೆ ಬಿಚ್ಚಿದರೆ, ಹಿಂದಿನ ವರ್ಷ ನಾನು ತೆಗೆದ ನಾಲ್ಕು ಫೋಟೊ. ಹೆಸರು ಎಲ್ಲೂ ಇಲ್ಲ. ಸಾಲದ್ದಕ್ಕೆ, ಉದ್ಘಾಟನೆಯಲ್ಲಿ ಮೈಕ್ ಕೈಕೊಟ್ಟಿತು ಅಂತ ಬರೆದ ಒಂದು ಸಾಲು ಅಳಿಸಿ ಅಂತ ರಾತ್ರಿ ಫೋನ್.

ಮೂರನೇ ವರ್ಷ ನೇರವಾಗಿ 5,000 ಗೌರವಧನ ಕೇಳಿದೆ. ಅದು ತಪ್ಪಾಯಿತು. "ಏನ್ರೀ ಮೇಡಂ, ಇದು ಸೇವೆ ಅಲ್ವಾ?" ಅಂದರು ಒಬ್ಬ ಹಿರಿಯರು. ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಅದೇ ಚರ್ಚೆ. ಆ ವರ್ಷ ನಾನು ಬರೆಯಲೂ ಇಲ್ಲ, ಹೋಗಲೂ ಇಲ್ಲ.

ಆಮೇಲೆ ಹೊಳೆದದ್ದು ಲೆಕ್ಕದ ದಾರಿ: ನನ್ನ ಪೋಸ್ಟ್ ನೋಡಿ ಎಷ್ಟು ಜನ ನೋಂದಾಯಿಸಿದರು ಅಂತ ತೋರಿಸೋದು. ಯಾರ ಮೂಲಕ ಬಂದರು ಅಂತ ಹಿಡಿಯೋಕೆ ರಿಯಾಯಿತಿ ಕೋಡ್ ಹಾಕುವಂಥ ವ್ಯವಸ್ಥೆ ಸಣ್ಣ ಸಂಘಗಳಲ್ಲಿ ಎಲ್ಲಿರುತ್ತೆ? ಒಂದು ಗೂಗಲ್ ಫಾರ್ಮ್, ಒಂದು ಬ್ಯಾಂಕ್ ಖಾತೆ ನಂಬರ್, ಅಷ್ಟೇ. ಫಾರ್ಮ್‌ನಲ್ಲಿ "ಹೇಗೆ ಗೊತ್ತಾಯಿತು?" ಅಂತ ಒಂದು ಪ್ರಶ್ನೆ ಹಾಕಿಸಿದೆ. ಎಲ್ಲರೂ ಪಟ್ಟಿಯ ಮೊದಲ ಉತ್ತರವನ್ನೇ ಒತ್ತಿ ಮುಂದೆ ಹೋದರು: "ಸ್ನೇಹಿತರಿಂದ". ಒಂದು ವರ್ಷ ಹಾಗೇ ಹಾಳು. ಮುಂದಿನ ಸಲ ಉತ್ತರ ಮೊದಲೇ ತುಂಬಿಕೊಂಡು ಬರುವ ಲಿಂಕ್ ಮಾಡಿದೆ. ಗೂಗಲ್ ಫಾರ್ಮ್‌ನ ಮೂರು ಚುಕ್ಕೆ ಒತ್ತಿದರೆ ಸಿಗುತ್ತೆ, ನಿಮಗೆಲ್ಲ ಗೊತ್ತಿರೋದೇ. ಆ ಪ್ರಶ್ನೆಯನ್ನು ಕಟ್ಟಕಡೆಗೆ ತಳ್ಳಿದೆ. ಅಲ್ಲಿಗೆ ಬರುವಷ್ಟರಲ್ಲಿ ಯಾರಿಗೂ ಅದನ್ನು ಬದಲಾಯಿಸುವ ತಾಳ್ಮೆ ಇರಲ್ಲ. ಉತ್ತರದ ಜಾಗದಲ್ಲಿ ಏನು ಬರೆದಿದ್ದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ.

"ಲೆಕ್ಕ ಕೇಳೋಕೆ ಹೋದರೆ ಮುಂದಿನ ವರ್ಷ ಕರೆಯೋದೇ ಇಲ್ಲ" ಅಂತ ಗೆಳತಿಯರು ಹೆದರಿಸಿದ್ದರು. ಆ ಸಲ ಬಂದವರು 300 ಚಿಲ್ಲರೆ. ನನ್ನ ಲಿಂಕಿನಿಂದ ಸುಮಾರು 70 ಜನ. ತಲೆಗೆ 2,000 ಹಿಡಿದರೆ 1 ಲಕ್ಷ 40 ಸಾವಿರ. "ಇವರಲ್ಲಿ ಅರ್ಧ ಜನ ಹೇಗಿದ್ದರೂ ಬರ್ತಿದ್ದರು" ಅಂದರು ಖಜಾಂಚಿ. ಸರಿ ಸಾರ್, ಅರ್ಧ ಕಳೆಯಿರಿ ಅಂದೆ. 70 ಸಾವಿರ ಉಳಿಯಿತು. ಆ ವರ್ಷದ ಬ್ಯಾನರ್ ಖರ್ಚಿಗಿಂತ ಜಾಸ್ತಿ! ಅವರು ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಆಗ ಪರ್ಸಿನಿಂದ ಒಂದು ಪುಟದ ಪತ್ರ ತೆಗೆದೆ. ನೋಂದಣಿ, ಊಟ, ಎರಡು ರಾತ್ರಿ ರೂಮು, ಸ್ಲೀಪರ್ ಟಿಕೆಟ್ ಸಂಘದ್ದು. ಸಭಾಂಗಣದಲ್ಲಿ ಪ್ಲಗ್ ಪಾಯಿಂಟ್ ಪಕ್ಕ ಒಂದು ಕುರ್ಚಿ. ಬರಹ, ಫೋಟೊ ನನ್ನವು, ಸಂಘ ಹೆಸರು ಹಾಕಿ ಬಳಸಬಹುದು. ಹೆಸರು, ಸಮಯ ತಪ್ಪಿದ್ದರೆ ತಿದ್ದುತ್ತೇನೆ, ಅಭಿಪ್ರಾಯ ತಿದ್ದಲ್ಲ. ಈ ಕೊನೆಯದಕ್ಕೇ ಜಾಸ್ತಿ ಜಗಳ ಆಗಿದ್ದು, ದುಡ್ಡಿಗಲ್ಲ. ಖಜಾಂಚಿಗೆ ಟಿಡಿಎಸ್, ಅಂದರೆ ಕೊಡುವಾಗಲೇ ತೆರಿಗೆ ಹಿಡಿಯೋ ಚಿಂತೆ ಬೇರೆ. 2022ರ ಜುಲೈನಲ್ಲಿ ಆದಾಯ ತೆರಿಗೆಯ 194ಆರ್ ಕಲಂ ಬಂದಿತ್ತಲ್ಲ, ವರ್ಷಕ್ಕೆ 20,000 ದಾಟಿದ ಸೌಲಭ್ಯಕ್ಕೆ ಶೇ 10 ಹಿಡಿಯೋದು. ನನ್ನದೆಲ್ಲ ಸೇರಿಸಿದರೂ 9 ಸಾವಿರ ದಾಟಲ್ಲ ಅಂತ ಅಲ್ಲೇ ಕೂಡಿಸಿ ತೋರಿಸಿದೆ. ಪತ್ರ ಮುಂದಿಡೋಕೆ ಸರಿಯಾದ ದಿನ ಒಂದಿದೆ. ಯಾವುದು ಅಂತ ಹೇಳಿದರೆ ಎಲ್ಲರೂ ಅದೇ ದಿನ ಹೋಗಿ ಕೂರುತ್ತೀರಿ.

ಒಂದು ಮಾತು, ಫ್ರೀ ಪಡೆದರೆ ಅದನ್ನು ಬರೆಯಿರಿ. ಜಾಹೀರಾತು ಮಾನದಂಡ ಮಂಡಳಿಯ 2021ರ ನಿಯಮದಂತೆ ದುಡ್ಡಷ್ಟೇ ಅಲ್ಲ, ಉಚಿತ ಪ್ರಯಾಣ, ವಾಸ್ತವ್ಯವನ್ನೂ ಹೇಳಬೇಕು. "ನೋಂದಣಿ, ರೂಮು ಸಂಘದ್ದು" ಅಂತ ಮೊದಲ ಸಾಲಲ್ಲೇ ಹಾಕುತ್ತೇನೆ. ಓದುವವರೇನೂ ಕಡಿಮೆಯಾಗಲಿಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಹ್ಯಾಶ್‌ಟ್ಯಾಗ್ ಪೂರ್ತಿ ತೋಪು, ಬಳಸಿದ್ದು ನಾನು ಮತ್ತು ನನ್ನ ತಮ್ಮ. ಆಗಸ್ಟ್ 12ಕ್ಕೆ ಹಾಕಿದ ಪೋಸ್ಟ್ ಯಾರೂ ನೋಡಲಿಲ್ಲ. ಗ್ರಂಥಪಾಲಕರ ದಿನ, ಎಲ್ಲರೂ ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಫೋಟೊಗೆ ಹಾರ ಹಾಕುವುದರಲ್ಲಿ ಇರ್ತಾರೆ. ಎರಡು ನಿಮಿಷದ ವಾಯ್ಸ್ ನೋಟ್ ಮಾತ್ರ ಉದ್ದದ ಬರಹಕ್ಕಿಂತ ಚೆನ್ನಾಗಿ ಓಡಿತು. ಊಟದ ಸಾಲಿನ ಗೋಡೆಗೆ ಕ್ಯೂಆರ್ ಅಂಟಿಸಿದ್ದೂ ಅಷ್ಟೇ. ಇಪ್ಪತ್ತು ನಿಮಿಷ ತಟ್ಟೆ ಹಿಡಿದು ನಿಲ್ಲುವವರಿಗೆ ಇನ್ನೇನು ಕೆಲಸ?

ಈ ವರ್ಷ ಇನ್ನಿಬ್ಬರಿಗೂ ಇದೇ ಪತ್ರ ಕೊಡಿಸಿದೆ. ಅವರಲ್ಲೊಬ್ಬಳು ಉತ್ತರ ತುಂಬಿರದ ಮಾಮೂಲಿ ಲಿಂಕನ್ನೇ ಹಂಚಿಬಿಟ್ಟಿದ್ದಾಳೆ, ಲೆಕ್ಕದಲ್ಲಿ ಮೂರೇ ಜನ ತೋರಿಸುತ್ತಿದೆ. ಅವಳ ರೂಮಿನ ಬಾಡಿಗೆ ಬಗ್ಗೆ ಖಜಾಂಚಿ ಹತ್ತಿರ ಇನ್ನೂ ಮಾತು ನಡೀತಿದೆ.