ಮೇ ತಿಂಗಳಲ್ಲಿ ಕಲಬುರಗಿ–ಯಾದಗಿರಿ ಒಳರಸ್ತೆ: ಗಾಡಿ ತೆಗೆಯುವ ಮುನ್ನ

ಏಪ್ರಿಲ್‌ನಿಂದ ಜೂನ್ ಮೊದಲ ಮಳೆಯವರೆಗೆ ಈ ಕಡೆ ಪಾರಾ 42–43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಡಾಂಬರು ಅದಕ್ಕಿಂತಲೂ ಹೆಚ್ಚು ಕಾದಿರುತ್ತದೆ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಯಾರಾದರೂ ಸಿಗುತ್ತಾರೆ; ಚಿಂಚೋಳಿ, ಸುರಪುರ ಕಡೆಯ ಒಳರಸ್ತೆಯಲ್ಲಿ ಮಧ್ಯಾಹ್ನ ಎರಡಕ್ಕೆ ನಿಂತರೆ ನೆರಳಿಗೆ ಒಂದು ಗಿಡ ಸಿಕ್ಕರೆ ಪುಣ್ಯ. ಮುಂಜಾನೆ ಐದೂವರೆಗೆ ಹೊರಟು ಹನ್ನೊಂದರೊಳಗೆ ಊರು ಮುಟ್ಟಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ.

ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಎಷ್ಟು ಹಾಕಬೇಕೆಂಬುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ‘ಬಿಸಿಲು ಜಾಸ್ತಿ, ನಾಲ್ಕು ಪಾಯಿಂಟ್ ಕಮ್ಮಿ ಹಾಕ್ರಿ’ ಎನ್ನುವವರು ಎಲ್ಲ ಬಂಕಿನಲ್ಲೂ ಇರುತ್ತಾರೆ. ಅದು ಪೂರಾ ಉಲ್ಟಾ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಂಡು ಒಳಗಿಂದೊಳಗೇ ಕಾಯುತ್ತದೆ, ಸಿಡಿಯುವುದು ಅದರಿಂದಲೇ. ಓಡಿದ ಮೇಲೆ 4–5 ಪಿಎಸ್‌ಐ (ಬಂಕಿನವರ ಮಾತಲ್ಲಿ ಪಾಯಿಂಟ್) ಏರಿದರೆ ಅದು ಸಹಜ, ಆ ಗಾಳಿಯನ್ನು ಹೊರಗೆ ಬಿಡಬೇಡಿ. ಪಕ್ಕೆಯ ಮೇಲಿನ ಕೊನೆಯ ನಾಲ್ಕಂಕಿ 2319 ಎಂದಿದ್ದರೆ ಟೈರು 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದನ್ನು ಈ ಬಿಸಿಲಿಗೆ ನಂಬಬಾರದು. ಸ್ಟೆಪ್ನಿ ಎಷ್ಟೇ ಹೊಸದಾಗಿ ಕಂಡರೂ ಅದಕ್ಕೂ ವಯಸ್ಸಾಗಿರುತ್ತದೆ.

ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆ ಸುಣ್ಣದಕಲ್ಲಿನ ನೆಲ, ಬೋರ್ ನೀರು ಗಡಸು. ಕೊಡದ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂತು ದಾರಿ ಕಟ್ಟುತ್ತದೆ. ಎಂಜಿನ್ ತಣಿಸುವ ಕೂಲಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರೇ ಬೇಕು, ಸಾಮಾನ್ಯವಾಗಿ ಅರ್ಧಕ್ಕರ್ಧ. ಬೋರ್ ನೀರು ಆಪತ್ತಿಗಷ್ಟೇ, ಊರು ಮುಟ್ಟಿದ ಮೇಲೆ ಪೂರಾ ಬದಲಿಸಿಬಿಡಿ. ಸಿಮೆಂಟ್ ಫ್ಯಾಕ್ಟರಿಗಳ ಹಾದಿಯಲ್ಲಿ ಓಡಾಡುವ ಗಾಡಿಯಾದರೆ ಏರ್ ಫಿಲ್ಟರನ್ನೂ ಬಿಚ್ಚಿ ನೋಡಿ.

ಎಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರತೊಡಗಿದರೆ ಮೊದಲು ಏಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರಾಗಿ ಬಿಡಿ. ಬೆವರು ಕಿತ್ತು ಬರುತ್ತದೆ, ನಿಜ. ಆದರೆ ಎಂಜಿನ್ನಿನ ಕಾವನ್ನು ಹೊರಗೆಳೆಯಲು ಕೈಯಲ್ಲಿರುವುದು ಅದೊಂದೇ. ಮುಳ್ಳು ಕೆಂಪಿಗೆ ಬಂದರೆ, ಇಲ್ಲವೇ ಹಬೆ ಕಂಡರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಕಾದ ಸೈಲೆನ್ಸರಿಗೆ ಹುಲ್ಲು ಹತ್ತಿಕೊಳ್ಳುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು: ಒಳಗಿನ ಒತ್ತಡದಿಂದ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಅದರ ಮೇಲ್ಭಾಗ, ಅಂದರೆ ಹೆಡ್, ಸೀಳಬಹುದು.

ಮೇ ಕೊನೆಯ ಅಡ್ಡಮಳೆ ಇನ್ನೊಂದು ತಾಪತ್ರಯ. ಹತ್ತು ನಿಮಿಷ ಹೊಡೆದರೂ ಸಾಕು, ಎರೆಮಣ್ಣು ಅಂಟಾಗುತ್ತದೆ; ಎದುರಿನ ಲಾರಿಗೆ ಜಾಗ ಕೊಡಲು ಡಾಂಬರು ಬಿಟ್ಟಿಳಿದ ಗಾಡಿ ಅಲ್ಲೇ ಕೂರುತ್ತದೆ. ರಾಜಸ್ಥಾನದ ಮರಳಲ್ಲಿ ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ ಪಾರಾಗುತ್ತಾರೆ. ಎರೆಯಲ್ಲಿ ಆ ಉಪಾಯ ಅಷ್ಟಾಗಿ ನಡೆಯದು, ಏಕೆಂದರೆ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿ ಚಕ್ರವೇ ನುಣ್ಣಗಾಗಿರುತ್ತದೆ. ಆಕ್ಸಿಲರೇಟರ್ ತುಳಿದಷ್ಟೂ ಆಳಕ್ಕಿಳಿಯುತ್ತದೆ. ಇಳಿದು ಗೀರುಗಳ ಮಣ್ಣು, ಮಡ್‌ಗಾರ್ಡ್ ಒಳಗಿನ ಮಣ್ಣು ಕೆದರಿ. ಎಳೆಯುವ ಚಕ್ರದ ಮುಂದೆ ಗೋಣಿಚೀಲ, ಕಲ್ಲು, ತೊಗರಿ ಕಟಗಿ ಹಾಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ತೆಗೆಯಿರಿ.

ಕುಡಿಯುವ ನೀರು ಒಬ್ಬರಿಗೆ 5 ಲೀಟರ್, ಗಾಡಿಗೆ ಬೇರೆ 5 ಲೀಟರ್. ಓಆರ್‌ಎಸ್ ಚೀಟಿಯ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಕಲಸಿ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ, ಅದರ ನೆರಳಲ್ಲೇ ಕೂತು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಜೊತೆಗಿದ್ದವರು ತೊದಲತೊಡಗಿ ಮೈ ಕೆಂಡದಂತಾದರೆ ಅದು ಬಿಸಿಲಿನ ಹೊಡೆತ. 108ಕ್ಕೆ ಹೇಳಿ, ಆಂಬುಲೆನ್ಸ್ ಬರುವವರೆಗೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಕೊರಳಿಗೆ, ಕಂಕುಳಿಗೆ ಒದ್ದೆಬಟ್ಟೆ ಇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.