ನಾಯಿಯೊಂದಿಗೆ ವೆಂಗುರ್ಲಾಕ್ಕೆ ಹೋಗುವವರಿಗೆ

ಬೆಳಗಾವಿಯಿಂದ ಆಂಬೋಲಿ ಘಾಟ್ ಇಳಿದು ಸಾವಂತವಾಡಿ ಮೂಲಕ ಹೋದರೆ ಮಹಾರಾಷ್ಟ್ರದ ಕರಾವಳಿಯ ವೆಂಗುರ್ಲಾ ಸುಮಾರು 120 ಕಿಲೋಮೀಟರ್. ಗದ್ದಲವಿಲ್ಲದ ಊರು, ನಮ್ಮ ನಾಯಿ ರಾಜನಿಗೆ ಬಲು ಇಷ್ಟ. ಘಾಟಿನ ತಿರುವುಗಳಲ್ಲಿ ನಾಯಿಗೂ ವಾಂತಿಯಾಗುತ್ತದೆ, ಹೊರಡುವ ಮೂರು ತಾಸು ಮೊದಲೇ ಊಟ ಹಾಕಿಬಿಡಿ. ಆಂಬೋಲಿ ಜಲಪಾತದ ಬಳಿ ಮಂಗಗಳಿರುತ್ತವೆ, ಕಾರಿನ ಗಾಜು ಇಳಿಸಬೇಡಿ.

ಕಡಲತೀರಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಮರಳಿನ ಮೇಲೆ ನಿಮ್ಮ ಕೈಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಸಿಹಿನೀರು, ಬಟ್ಟಲು ಕೈಯಲ್ಲೇ ಇರಲಿ. ಬಾಯಾರಿದ ನಾಯಿ ಸಮುದ್ರದ ನೀರು ಕುಡಿದರೆ ವಾಂತಿ, ಭೇದಿ ಶುರುವಾಗುತ್ತದೆ. ಬಲೆ ಎಳೆಯುವ ಕಡೆ ನಾಯಿಯ ಹಗ್ಗ ಬಿಡಲೇಬೇಡಿ. ಬಿಸಾಡಿದ ಮೀನುಗಳಲ್ಲಿ ತನ್ನ ಮೈ ಉಬ್ಬಿಸಿಕೊಳ್ಳುವ ವಿಷಮೀನೂ ಇರಬಹುದು, ಅದನ್ನು ತಿಂದರೆ ಪ್ರಾಣಕ್ಕೇ ಅಪಾಯ.

ರೇಬೀಸ್ ಲಸಿಕೆಯ ಕಾರ್ಡ್ ಮರೆಯಬೇಡಿ. ಉಳಿಯುವ ಮನೆಯವರಿಗೆ ನಾಯಿಯ ಗಾತ್ರವನ್ನೂ ಮೊದಲೇ ಹೇಳಿಡಿ.